ನಾನಿಲ್ಲದಾಗಿನ ತಾಲೀಮು

ಭಾಗ್ಯನಗರ

ಜಪಾನಿಗೆ ಹೊರಟಿದ್ದೇನೆ ಎಂದಾಗ ನಮ್ಮ ಓಣಿಯವರು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಉಣ್ಣಾಕ ಏನ್ ಸಿಗತೈತ್ರಿ?" ಎರಡನೆಯದು, "ನೀಲಿನ್ನ ಯಾರು ನೋಡ್ಕೋತಾರ?" ಮೊದಲನೆಯದಕ್ಕೆ ಉತ್ತರ ಚೀಲದಲ್ಲಿತ್ತು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮಾದಲಿ. ಎರಡನೆಯದಕ್ಕೆ ಉತ್ತರ ಅಲ್ಲೇ ಸಿಗಬಹುದೇನೋ ಎಂಬ ಆಸೆಯೂ, ವ್ಯಾಪಾರದ ಕೆಲಸದ ಜೊತೆಗೆ, ನನ್ನನ್ನು ಹೊರಡಿಸಿತ್ತು.

ನಮ್ಮದು ಕೂದಲ ವ್ಯಾಪಾರ. ಭಾಗ್ಯನಗರದಲ್ಲಿ ಇದು ಹೇಳಿಕೊಳ್ಳುವ ಸಂಗತಿಯಲ್ಲ, ಓಣಿಗೆ ನಾಲ್ಕು ಮನೆ ಇದೇ ಕಸುಬಿನಲ್ಲಿವೆ. ಹೊರಗಿನವರಿಗೆ ಹೇಳಿದರೆ ಮಾತ್ರ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹೆಂಗಸರು ತಲೆ ಬಾಚಿದಾಗ ಬಾಚಣಿಕೆಗೆ ಸಿಕ್ಕುವ ಉಂಡೆ ಕೂದಲನ್ನು ಊರೂರಿಂದ ಕೊಂಡು ತಂದು, ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸುತ್ತೇವೆ. ಅಲ್ಲಿ ಅದು ಯಾರದೋ ಬೋಳು ತಲೆಯನ್ನು ಕಾಯುತ್ತದೆ.

ಉಂಡೆ ಬಿಡಿಸುವ ಹೆಂಗಸರ ಸಾಲಿನಲ್ಲಿ ನನ್ನ ಮಗಳು ನೀಲಮ್ಮನೂ ಕೂರುತ್ತಾಳೆ. ಮೂವತ್ತರ ಹತ್ತಿರದವಳು. ಡಾಕ್ಟರು ಅವಳಿಗೆ ಐದಾರು ವರ್ಷದ ಮಗುವಿನಷ್ಟು ಬುದ್ಧಿ ಎನ್ನುತ್ತಾರೆ. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಅಷ್ಟು ಚಿಕ್ಕ ಮಗು ತಾಯಿ ಸತ್ತದ್ದನ್ನು ಮೆಲ್ಲಗೆ ಮರೆಯುತ್ತದೆ, ಇವಳು ಮರೆತಿಲ್ಲ. ಮನೆಯಲ್ಲಿ ಏನೇ ಆಗಲಿ, ಹಾಲು ಚೆಲ್ಲಲಿ, ಬೆಕ್ಕು ಈಯಲಿ, ಕರೆಂಟು ಹೋಗಲಿ, ಓಡಿ ಬಂದು ಮೊದಲು ನನಗೆ ಹೇಳಬೇಕು. "ಅಪ್ಪಾ, ಕರೆಂಟ್ ಹೋಗೇತಿ." ಕತ್ತಲಲ್ಲಿ ಅವಳ ಪಕ್ಕದಲ್ಲೇ ಕೂತಿದ್ದರೂ ಹೇಳುತ್ತಾಳೆ.

ಅವಳ ತಾಯಿ ಶಾಂತವ್ವ ತೀರಿಕೊಂಡಾಗ ನಾನು ನೆಲ ಹಿಡಿದು ಮಲಗಿಬಿಟ್ಟಿದ್ದೆ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ರೊಟ್ಟಿ ಪಲ್ಯದ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಹಾಗೆ ಬಂದವರು ಹೋಗುವಾಗ ನೀಲಿಯನ್ನು ಕರೆದುಕೊಂಡು ಹೋದರು. ಒಂದು ಮನೆಯವರು ಇನ್ನೊಂದು ಮನೆಗೆ, ಅವರು ಮತ್ತೊಂದಕ್ಕೆ, ಪ್ರತಿ ಸಲವೂ ಕೈಯಲ್ಲೊಂದು ಬುತ್ತಿ ಗಂಟು ಕೊಟ್ಟು, ಕೆನ್ನೆ ಸವರಿ "ಪಾಪ" ಎಂದು ಕಳಿಸಿದರು. ಒಂದು ಸುತ್ತು ಮುಗಿಸಿ ಮನೆಗೆ ಬಂದವಳು ತಾಯಿ ಎಲ್ಲಿ ಎಂದು ಕೇಳಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಇಂಥ ಮಕ್ಕಳ ತಂದೆತಾಯಂದಿರು ಕೆಲವರು ತಿಂಗಳಿಗೊಮ್ಮೆ ನನ್ನ ಗೋದಾಮಿನಲ್ಲಿ ಸೇರುತ್ತೇವೆ. ಮಾಸಾಶನ ಬರುತ್ತದೆ, ಬಸ್ ಪಾಸು ಇದೆ, ಚಿಕ್ಕವರಿದ್ದಾಗ ಹೋಗಲು ಒಂದು ಶಾಲೆಯೂ ಇತ್ತು. ಹದಿನೆಂಟು ತುಂಬಿದ ಮೇಲೆ ಮನೆಯೇ ಶಾಲೆ, ಮನೆಯೇ ಆಸ್ಪತ್ರೆ, ಕೆಲವರಿಗೆ ಮನೆಯೇ ಜೈಲು. ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ಒಂದೇ ಕಡೆ: ನಮ್ಮ ಹಿಂದೆ ಯಾರು?

ಈ ಸಲ ಕುಷ್ಟಗಿಯ ಸಂಗಪ್ಪ ಹೊಸ ಮಾತೊಂದು ತೆಗೆದ. ಅವನದು ದಾಳಿಂಬೆ ತೋಟ, ಅವನಿಗೂ ನೀಲಿಯಂಥ ಮಗಳಿದ್ದಾಳೆ.

"ಕಾಕಾ, ನೀವು ಹೋಗಿ ಬರೂತನಕ ನೀಲವ್ವನ್ನ ನಾವು ಪಾಳಿ ಮ್ಯಾಲೆ ಇಟ್ಕೋತೀವಿ. ಗಂಗಾವತ್ಯಾಗ ಲಕ್ಷ್ಮಕ್ಕ, ಆಮ್ಯಾಲೆ ನಾನು, ಆಮ್ಯಾಲೆ ಮಂಗಳೂರಾಗ ಹನಮವ್ವ. ನೀವು ಇಲ್ಲ ಅಂತ ತಿಳ್ಕೊಂಡು ಒಮ್ಮಿ ನಡಿಸಿ ನೋಡೂಣು. ತಾಲೀಮು ಆಕೈತಿ."

"ಬಿಡ್ತು ಅನ್ನಪಾ!" ಎಂದು ಹನಮವ್ವ ಗದರಿದಳು. ಯಲಬುರ್ಗಾ ಕಡೆಯ ಆ ಮಂಗಳೂರಿನಲ್ಲಿ ಕುರಿ ಸಾಕುವ ಮುದುಕಿ, ಮಾತಾಡಲು ಬಾರದ ಮೊಮ್ಮಗನನ್ನು ಸಾಕುತ್ತಿದ್ದಾಳೆ. "ಹೊಂಟ ಮನಶ್ಯಾಗ ಇಂಥಾ ಮಾತಾಡ್ತಾರನು?"

ಸಂಗಪ್ಪ ಬಿಡ್ತು ಎಂದ. ಆದರೆ ತಾಲೀಮಿನ ಮಾತು ಎಲ್ಲರ ಮನಸ್ಸಿನಲ್ಲೂ ಕೂತುಬಿಟ್ಟಿತ್ತು, ನನ್ನ ಮನಸ್ಸಿನಲ್ಲಿ ಎಲ್ಲರಿಗಿಂತ ಹೆಚ್ಚು. ಗಂಗಾವತಿಯ ಅಕ್ಕಿ ಮಿಲ್ಲಿನ ಕಡೆಯ ಲಕ್ಷ್ಮಿ ಒಂದು ಬುದ್ಧಿ ಹೇಳಿದಳು: "ಹೇಳದಂಗ ಹೋಗ್ರಿ ಅಣ್ಣಾ. ಹೇಳಿದ್ರ ಹಠಾ ಹಿಡೀತಾಳ. ಫೋನಿನ್ಯಾಗೂ ಮಾತಾಡಬ್ಯಾಡ್ರಿ, ಧ್ವನಿ ಕೇಳಿದ್ರ ಮತ್ತ ಅಳೂದು ಶುರು ಮಾಡ್ತಾಳ." ಎಲ್ಲರೂ ತಲೆಯಾಡಿಸಿದೆವು. ಮಕ್ಕಳ ಕಣ್ಣು ತಪ್ಪಿಸಿ ಊರಿಗೆ ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ನೀಲಿ ಹಿತ್ತಲಿನಲ್ಲಿ ಉಂಡೆ ಬಿಡಿಸುತ್ತ ಕೂತಿದ್ದಾಗ ನಾನು ಮುಂಬಾಗಿಲಿನಿಂದ ಹೊರಬಿದ್ದೆ.

ವಿಮಾನ ಇಳಿದ ಊರು

ಜಪಾನಿನಲ್ಲಿ ನನ್ನನ್ನು ಕಂಡು ಮೊದಲು ಗಾಬರಿಯಾದವನು ಕಸ್ಟಮ್ಸ್ ಅಧಿಕಾರಿ. ಚೀಲ ತೆಗೆದ ಕೂಡಲೇ ಕಂಡದ್ದು ಕಟಕ ರೊಟ್ಟಿಯ ಕಟ್ಟು. ಒಂದನ್ನು ಎತ್ತಿ ಬೆರಳಿನಿಂದ ತಟ್ಟಿದ, ತಾಟಿನಂತೆ ಸದ್ದು ಮಾಡಿತು. ಅದನ್ನು ಬಲು ಜೋಪಾನವಾಗಿ ಕೆಳಗಿಟ್ಟು, ಅದರಡಿ ಕೈ ಹಾಕಿದ. ಮಾದರಿ ತೋರಿಸಲು ತಂದಿದ್ದ ಕಪ್ಪನೆಯ ಕೂದಲಿನ ಕಟ್ಟು ಹೊರಗೆ ಬರತೊಡಗಿತು. ಎಳೆದಷ್ಟೂ ಬಂತು. ಅವನ ಮುಖ ನೋಡಿದರೆ ಕೊನೆಯಲ್ಲಿ ಹೆಂಗಸೇ ಬರುತ್ತಾಳೆ ಎಂದು ಕಾಯುತ್ತಿದ್ದಂತಿತ್ತು.

ನನಗೆ ಅವನ ಭಾಷೆ ಬಾರದು, ಅವನಿಗೆ ನನ್ನದು ಬಾರದು. ನನ್ನ ಬೋಳು ತಲೆ ಮುಟ್ಟಿ ತೋರಿಸಿ, ಆ ಕಟ್ಟನ್ನೆತ್ತಿ ಅದರ ಮೇಲೆ ಇಟ್ಟುಕೊಂಡೆ. ಅವನು ಬಾಯಿ ಮುಚ್ಚಿಕೊಂಡು ನಕ್ಕ, ಆಮೇಲೆ ನಕ್ಕಿದ್ದಕ್ಕೆ ಬಗ್ಗಿ ಕ್ಷಮೆ ಕೇಳಿದ, ನಾನೂ ಬಗ್ಗಿದೆ, ಕೂದಲು ಕೆಳಗೆ ಬಿತ್ತು. ಇಬ್ಬರೂ ಸೇರಿ ಎತ್ತಿದೆವು.

ಹೊರಗೆ ನನ್ನ ಹೆಸರಿನ ಬೋರ್ಡು ಹಿಡಿದು ನಿಂತವಳು ಸಚಿಕೊ. ನಮ್ಮ ಕೂದಲು ಕೊಳ್ಳುವ ಓನೋ ಎಂಬ ಮುದುಕರು ಕಳಿಸಿದ್ದ ದುಭಾಷಿ. ಕಾಲೇಜಿನಲ್ಲಿ ಹಿಂದಿ ಕಲಿತವಳು. ಅವಳ ಹಿಂದಿ ರೇಡಿಯೊ ವಾರ್ತೆಯದು, ನನ್ನದು ಕೊಪ್ಪಳ ಬಸ್‌ಸ್ಟ್ಯಾಂಡಿನದು. ಬರುತ್ತೇನೆ ಎನ್ನಲು ನಾನು "ಆತೂ" ಎಂದರೆ ಅವಳು ಸ್ವಲ್ಪ ಯೋಚಿಸಿ, "ಆಪ್ ಆಯೇಂಗೇ?" ಎಂದು ತಿದ್ದಿಕೊಳ್ಳುತ್ತಿದ್ದಳು.

ರೈಲು

ಜಪಾನಿನ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಹುಬ್ಬಳ್ಳಿ ಪ್ಯಾಸೆಂಜರಿನಲ್ಲಾದರೆ ಅಷ್ಟು ಹೊತ್ತಿಗೆ ಎದುರಿನವರ ಮಗಳ ಮದುವೆ ಎಲ್ಲಿಗೆ ಬಂತು, ಬೀಗರು ಎಂಥವರು ಎಂಬುದೆಲ್ಲ ಗೊತ್ತಾಗಿ, ನಾವೂ ಒಂದು ಸಲಹೆ ಕೊಟ್ಟಾಗಿರುತ್ತಿತ್ತು. ಇಲ್ಲಿ ಬೋಗಿ ತುಂಬ ಜನ, ಉಸಿರಾಟ ಕೂಡ ಕೇಳದು. ಆ ಮೌನದ ನಡುವೆ ನನ್ನ ಫೋನು ಬಡಿದುಕೊಂಡಿತು. ಗಂಗಾವತಿಯ ಲಕ್ಷ್ಮಿ.

ದೇಶ ದೂರವಾದಷ್ಟೂ ದನಿ ಎತ್ತರವಾಗಬೇಕು ಎಂಬುದು ನಮ್ಮವರ ನಂಬಿಕೆ. ಲಕ್ಷ್ಮಿ ಅಲ್ಲಿಂದ ಕೂಗಿದಳು, ನಾನು ಇಲ್ಲಿಂದ ಕೂಗಿದೆ.

"ನಿನ್ನಿಯಿಂದ ಅಳಾಕತ್ತಾಳ ಅಣ್ಣಾ. ಅಪ್ಪ ಎಲ್ಲೆ ಅಂತಾಳ, ಬಾಗಿಲಾಗ ಹೋಗಿ ಕುಂದರ್ತಾಳ. ಉಣವಲ್ಲಳು."

"ಆಕಿ ಕೈಯಾಗ ಫೋನ್ ಕೊಡವಾ. ನಾ ಒಂದ್ ಮಾತ ಆಡ್ತೀನಿ."

"ಬ್ಯಾಡ್ರಿ. ಎಲ್ಲಾರೂ ಕೂಡಿ ಠರಾವ್ ಮಾಡೇವಲ್ಲ? ಗಟ್ಟಿ ಆಗ್ರಿ ಸ್ವಲ್ಪ. ನಾಳೆ ಸಂಗಪ್ಪಣ್ಣ ಬಂದು ಕುಷ್ಟಗಿಗೆ ಕರ್ಕೊಂಡು ಹೋಗ್ತಾನ. ಬುತ್ತಿ ಕಟ್ಟಿ ಕಳಸ್ತೀನಿ, ದಾರ್ಯಾಗ ಉಣ್ತಾಳ."

ಫೋನಿಟ್ಟು ನೋಡಿದರೆ ಬೋಗಿಯ ಜನರೆಲ್ಲ ತಮ್ಮ ತಮ್ಮ ಬೂಟು ನೋಡುತ್ತಿದ್ದಾರೆ. ಸಚಿಕೊ ಬಗ್ಗಿ, ರೈಲಿನಲ್ಲಿ ಫೋನಿನಲ್ಲಿ ಮಾತಾಡುವುದು ಇಲ್ಲಿ ಸರಿಯಲ್ಲ ಎಂದು ಪಿಸುಗುಟ್ಟಿದಳು. ಅಳಬಹುದೇ ಎಂದು ಕೇಳಿದೆ. ಅವಳು ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು, ಸದ್ದಿಲ್ಲದೆ ಅತ್ತರೆ ಯಾರೂ ಏನೂ ಅನ್ನುವುದಿಲ್ಲ ಎಂದಳು. ಎದುರಿಗಿದ್ದ ಮುದುಕಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಒಂದು ಕಾಗದದ ಕರವಸ್ತ್ರ ಮುಂದೆ ಹಿಡಿದಳು. ನಮ್ಮಲ್ಲಿ ಅಳುವವರನ್ನು ಕಂಡರೆ ಹತ್ತು ಜನ ಮುಗಿಬಿದ್ದು ಕಾರಣ ಕೇಳುತ್ತಾರೆ. ಯಾವುದು ಹಿತವೋ ನನಗೆ ಈಗಲೂ ಗೊತ್ತಿಲ್ಲ.

ಓನೋ ಅವರ ಊರು

ಸಮುದ್ರದ ದಂಡೆಯ ಚಿಕ್ಕ ಊರು. ಓನೋ ನನಗಿಂತ ಹಿರಿಯರು, ಹೆಂಡತಿಯನ್ನು ಕಳೆದುಕೊಂಡವರು, ಬೋಳು ತಲೆಗೆ ಹಾಕುವ ಕೂದಲ ಟೋಪನ್ ಮಾಡಿಸುತ್ತಾರೆ. ಅವರ ಕಾರ್ಖಾನೆಯಲ್ಲಿ ಕೆಲವು ಹೆಂಗಸರು ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು ಸಣ್ಣ ಬಲೆಗೆ ಒಂದೊಂದೇ ಕೂದಲನ್ನು ಗಂಟು ಹಾಕುತ್ತಿದ್ದರು. ನಮ್ಮ ಹಿತ್ತಲಿನಲ್ಲಿ ದಿನವೆಲ್ಲ ಕೂತು ಬಿಡಿಸಿದ್ದನ್ನು ಇಲ್ಲಿ ದಿನವೆಲ್ಲ ಕೂತು ಮತ್ತೆ ಕಟ್ಟುತ್ತಾರೆ. ಅದರಲ್ಲಿ ನೀಲಿ ಬಿಡಿಸಿದ ಎಳೆ ಯಾವುದಿರಬಹುದು ಎಂದು ಸುಮ್ಮನೆ ಹುಡುಕಿದೆ.

ವ್ಯಾಪಾರದ ಮಾತು ಮುಗಿದ ಮೇಲೆ ನಾನು ಮಗಳ ಫೋಟೋ ತೋರಿಸಿದೆ. ಓನೋ ಬಹಳ ಹೊತ್ತು ನೋಡಿದರು. ಆಮೇಲೆ ಟೋಪಿ ಹಾಕಿಕೊಂಡು, ನನ್ನನ್ನು ಹಿಂದಿನ ಬೀದಿಗೆ ನಡೆಸಿಕೊಂಡು ಹೋದರು. ಅಲ್ಲೊಂದು ಬ್ರೆಡ್ಡಿನ ಅಂಗಡಿ. ಒಳಗೆ ಹಿಟ್ಟು ನಾದುತ್ತಿದ್ದವರೆಲ್ಲ ನೀಲಿಯಂಥವರು. ಒಬ್ಬ ಹಾಡುತ್ತಿದ್ದ, ಒಬ್ಬಳು ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು, ಯಾರೂ ಅವಳ ಕೈಯಿಂದ ಕಿತ್ತುಕೊಳ್ಳಲಿಲ್ಲ. ನಲವತ್ತು ದಾಟಿದ ಒಬ್ಬ ಹೆಂಗಸು ಬಂದು ನನ್ನ ಕೈಗೆ ಬಿಸಿ ಬ್ರೆಡ್ಡು ಕೊಟ್ಟು, ಓನೋ ಅವರ ಟೋಪಿ ಸರಿ ಮಾಡಿ ಹೋದಳು. ಅವಳೇ ಓನೋ ಅವರ ಮಗಳು ಮಿಹೊ. ರಾತ್ರಿ ಮಲಗುವುದು ಇದೇ ಬೀದಿಯ ಒಂದು ಮನೆಯಲ್ಲಿ, ಜೊತೆಗೆ ಇನ್ನೂ ಮೂರು ಹೆಂಗಸರು, ನೋಡಿಕೊಳ್ಳಲು ಪಾಳಿಯ ಮೇಲೆ ಬರುವವರು.

ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ, ಆ ಬ್ರೆಡ್ಡು ನುಂಗಲಾಗದಷ್ಟು ಹೊಟ್ಟೆ ಉರಿಯಿತು. ಇವರೂ ಮನುಷ್ಯರು, ನಾವೂ ಮನುಷ್ಯರು. ನಮ್ಮ ಸಂಗಪ್ಪನ ಮಗಳು ಕೋಣೆಯ ಕಿಟಕಿಯಿಂದ ದಾಳಿಂಬೆ ಗಿಡ ನೋಡುತ್ತ ಕೂತಿರುತ್ತಾಳೆ, ಹನಮವ್ವ ಕುರಿ ಮೇಯಿಸಲು ಹೋಗುವಾಗ ಮೊಮ್ಮಗನ ಕಾಲನ್ನು ಕಂಬಕ್ಕೆ ಕಟ್ಟಿ ಹೋಗುತ್ತಾಳೆ. ಕಟ್ಟದೆ ಹೋದರೆ ಬಾವಿಯಿದೆ, ರಸ್ತೆಯಿದೆ. ಕಟ್ಟುವಾಗ ಅವಳು ಅಳುತ್ತಾಳೆಂದು ನನಗೆ ಗೊತ್ತು.

ಐದು ಗಂಟೆಯ ಹಾಡು

ಆ ಊರಿನ ಕಂಬಗಳ ಮೇಲೆ ಧ್ವನಿವರ್ಧಕಗಳಿವೆ. ಸಂಜೆ ಐದಕ್ಕೆ ಒಂದು ಹಾಡಿನ ರಾಗ ಬರುತ್ತದೆ, ಆಡುವ ಮಕ್ಕಳು ಮನೆಗೆ ಹೋಗಬೇಕೆಂಬ ಸೂಚನೆ. ಓನೋ ಅವರ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ ಹಾಡು ಮುಗಿದು ಒಂದು ಹೆಣ್ಣು ದನಿ ಏನೋ ಹೇಳಿತು. ಓನೋ ಕಪ್ಪು ಕೆಳಗಿಟ್ಟು ಕಿವಿಗೊಟ್ಟರು. ಯಾರೋ ಒಬ್ಬ ಮುದುಕರು ಬೆಳಗಿನಿಂದ ಕಾಣುತ್ತಿಲ್ಲವಂತೆ, ಬಿಳಿ ಅಂಗಿ, ಕಂಡವರು ತಿಳಿಸಿ ಎಂದು ಸಚಿಕೊ ಹೇಳಿದಳು.

ನನಗೆ ಎದೆಯುಬ್ಬಿ ಬಂತು. ಇದು ನಮ್ಮಲ್ಲೂ ಇದೆ ಎಂದೆ. ನೀಲಿ ಒಮ್ಮೆ ಕಾಣೆಯಾದಾಗ ಗುಡಿಯ ಮೈಕಿನಲ್ಲೂ ಹೇಳಿದ್ದರು, ಮಸೀದಿಯ ಮೈಕಿನಲ್ಲೂ ಹೇಳಿದ್ದರು. ಕೊಪ್ಪಳದ ಸಂತೆಯಲ್ಲಿ ಬಳೆ ಅಂಗಡಿಯ ಮುಂದೆ ನಿಂತಿದ್ದವಳನ್ನು ಗುರುತೇ ಇಲ್ಲದ ಟಂಟಂ ಆಟೊದವನು ಕರೆತಂದು ಬಾಗಿಲಿಗೆ ಬಿಟ್ಟು, ಚಹಾ ಕೂಡ ಕುಡಿಯದೆ ಹೋದ. ನಮ್ಮ ಓಣಿಯಲ್ಲಿ ಅವಳನ್ನು ಬೈಯುವವರಿಲ್ಲ. ಹೋಟೆಲಿನವನು ಕರೆದು ಬನ್ನು ಕೊಡುತ್ತಾನೆ.

ಓನೋ ಕೇಳಿ ಸಂತೋಷಪಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಬಾಗಿಲು ತೆಗೆಯಲು ಒಳಗೆ ಯಾರೂ ಇಲ್ಲದಿದ್ದರೆ?"

ನಾನು ಆ ದೇಶದವರನ್ನು ಕೇಳಬೇಕೆಂದು ಹೊತ್ತುಕೊಂಡು ಹೋದ ಪ್ರಶ್ನೆಯನ್ನು ಅವರೇ ನನಗೆ ಕೇಳಿದರು. ನಾನು ಅದನ್ನೇ ತಿರುಗಿಸಿ ಕೇಳಿದೆ: ನಮ್ಮ ಹಿಂದೆ ಯಾರು? ಸಚಿಕೊ ಜಪಾನಿಯಲ್ಲಿ ಹೇಳತೊಡಗಿದವಳು ಎರಡೇ ಪದದಲ್ಲಿ ಮುಗಿಸಿಬಿಟ್ಟಳು. ಅಷ್ಟು ಚಿಕ್ಕದಾಗಿ ಹೇಗೆ ಹೇಳಿದೆ ಎಂದೆ. ತಂದೆತಾಯಿ ಹೋದ ನಂತರ ಎನ್ನುವುದಕ್ಕೆ ಇಲ್ಲಿ ಒಂದು ಸಿದ್ಧ ಮಾತೇ ಇದೆ, ಇಂಥ ಮಕ್ಕಳ ಮನೆಯವರೆಲ್ಲ ಬಳಸುತ್ತಾರೆ ಎಂದಳು. ಇಷ್ಟೆಲ್ಲ ಇರುವ ದೇಶದಲ್ಲೂ ಈ ಭಯಕ್ಕೆ ಹೆಸರಿಡುವಷ್ಟು ಜನ ಇದ್ದಾರೆ.

ಓನೋ ಹೇಳಿದರು: ಮಿಹೊ ಇರುವ ಮನೆ ಶುರುವಾಗುವಾಗ ಆ ಬೀದಿಯವರು ಬೇಡವೆಂದು ಬೋರ್ಡು ಹಾಕಿದ್ದರು, ಈಗ ಬ್ರೆಡ್ಡು ಕೊಳ್ಳುತ್ತಾರೆ. ಒಂದು ಜಾಗ ಸಿಗಲು ಬಹಳ ಕಾಯಬೇಕು, ಯಾರಾದರೂ ಹೋದರೆ ತಾನೇ ಜಾಗ. ನೋಡಿಕೊಳ್ಳುವ ಕೆಲಸಕ್ಕೆ ಜನವೂ ಸಿಗುತ್ತಿಲ್ಲ. ಮಿಹೊಳನ್ನು ಮೊದಲು ತಿಂಗಳಿಗೊಂದು ರಾತ್ರಿ ಅಲ್ಲಿ ಬಿಟ್ಟರು, ಆಮೇಲೆ ಎರಡು, ಹೀಗೆ ವರ್ಷಗಟ್ಟಲೆ. ಈಗ ಅವಳು ಆ ಮನೆಯನ್ನೇ ಮನೆ ಎನ್ನುತ್ತಾಳೆ. ಅಪ್ಪನ ಮನೆಗೆ ಬಂದರೆ ಸಂಜೆಯಾಗುವ ಮೊದಲೇ ಚಪ್ಪಲಿ ಹಾಕಿಕೊಂಡು ನಿಲ್ಲುತ್ತಾಳೆ. "ನನಗೆ ಬೇಕಾದದ್ದು ಇದೇ," ಎಂದರು. ಅವರ ಅಡುಗೆಮನೆಯಲ್ಲಿ ಒಂದೇ ಬಟ್ಟಲು, ಒಂದೇ ಜೊತೆ ಊಟದ ಕಡ್ಡಿ ಒಣಗುತ್ತಿದ್ದವು.

ಆಗಲೇ ಸಂಗಪ್ಪನ ಫೋನು ಬಂತು. ಅಲ್ಲಿ ಇನ್ನೂ ಮಧ್ಯಾಹ್ನದ ಊಟದ ಹೊತ್ತು.

"ಕಾಕಾ, ಛಲೋ ಸುದ್ದಿ ಐತ್ರಿ! ನೀಲವ್ವ ಅಳೂದು ಬಿಟ್ಟಾಳ. ನಿಮ್ಮ ಹೆಸರ ಎತ್ತವಲ್ಲಳು. ತಾನ ಉಂಡು, ತಾನ ಗಂಗಾಳ ತೊಳದಿಟ್ಟು, ನಮ್ಮ ಮಗಳ ತಲಿ ಬಾಚ್ಯಾಳ. ನಾಳೆ ಹನಮವ್ವನ ಮನಿಗೆ ಬಿಡ್ತೀನಿ. ತಾಲೀಮು ಪಾಸ್ ಆತ್ರಿ ಕಾಕಾ!"

ನಾನು ಕುಣಿಯುವುದೊಂದು ಬಾಕಿ. ಸಚಿಕೊಗೆ ಹೇಳಿದೆ, ಓನೋ ಅವರ ಕೈ ಹಿಡಿದು ಹೇಳಿದೆ. ಅವರು ನಗಲಿಲ್ಲ. ನೀವು ಯಾವ ದಿನ ವಾಪಸು ಬರುತ್ತೀರೆಂದು ಮಗಳಿಗೆ ಹೇಗೆ ತೋರಿಸಿದ್ದೀರಿ ಎಂದು ಕೇಳಿದರು. ತೋರಿಸಿಲ್ಲ, ಹೇಳದೆ ಬಂದೆ, ನಮ್ಮಲ್ಲಿ ಹಾಗೆಯೇ ಎಂದೆ. ಅವರು ಒಳಗೆ ಹೋಗಿ ಒಂದು ಕ್ಯಾಲೆಂಡರು, ಅಂಟಿಸುವ ಬಣ್ಣದ ಹೂಗಳ ಒಂದು ಹಾಳೆ ತಂದುಕೊಟ್ಟರು. ಮಿಹೊ ದಿನಕ್ಕೊಂದು ಹೂ ಅಂಟಿಸುತ್ತಾಳೆ, ಅಪ್ಪ ಬರುವ ದಿನಕ್ಕೆ ಕೆಂಪು ಹೂ. ಮುದುಕರ ಮುಖದಲ್ಲಿ ಆಗ ಕಂಡ ಕಳವಳ ನನಗೆ ಅರ್ಥವಾಗಲಿಲ್ಲ. ಊರು ಮುಟ್ಟಿದ ಮೇಲೆ ಅರ್ಥವಾಯಿತು.

ಮತ್ತೆ ಭಾಗ್ಯನಗರ

ಬೆಳಗಿನ ಬಿಸಿಲಿಗೆ ಮನೆ ಮುಟ್ಟಿದೆ. ಹನಮವ್ವ ಹಿಂದಿನ ದಿನವೇ ನೀಲಿಯನ್ನು ಕರೆತಂದು ಜೊತೆಗಿದ್ದಳು. ಕಟ್ಟೆಯ ಮೇಲೆ ಕೂತು ಎಲೆ ಹಾಕುತ್ತಿದ್ದಳು.

"ಬರ್ರಿ ಯಪ್ಪಾ, ಬರ್ರಿ. ನಿಮ್ಮ ಮಗಳು ಭಾಳ ಶಾಣ್ಯಾಕಿ. ಎಲ್ಲಾ ಮನ್ಯಾಗೂ ಕೆನ್ನಿ ಸವರಿ, ಪಾಪ ಅಂತ ಜ್ವಾಕಿ ಮಾಡ್ಯಾರ. ಒಂದೂ ತ್ರಾಸ ಕೊಟ್ಟಿಲ್ಲ. ಒಲಿ ಹಚ್ಚಾಕ ಒಂದ ಬಿಡವಲ್ಲಳು ನೋಡ್ರಿ. ನಿನ್ನಿ ಬಂದ ಕೂಡ್ಲೆ ಲೈಟರ್ ಬಚ್ಚಿಟ್ಟಾಳ. ಇರ್ಲಿ ಬಿಡು ಅಂತ ಬುತ್ತೀನ ಉಂಡೀವಿ. ಮೂರೂ ಮನೀದು ಐತಲ್ಲ."

ನಗುತ್ತಲೇ ಒಳಗೆ ಕಾಲಿಟ್ಟೆ. ಬಿಸಿಲಿನಿಂದ ಬಂದ ಕಣ್ಣು ಒಳಗಿನ ಕತ್ತಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಗೋಡೆ ಕಂಡಿತು. ಶಾಂತವ್ವನ ಫೋಟೋದ ಚೌಕಟ್ಟಿನ ಮೂಲೆಗೆ ನನ್ನ ಪಾಸ್‌ಪೋರ್ಟಿನ ಚಿಕ್ಕ ಫೋಟೋ ಸಿಕ್ಕಿಸಿತ್ತು, ಉಳಿದದ್ದೊಂದನ್ನು ನಾನೇ ಗೂಡಿನಲ್ಲಿಟ್ಟು ಹೋಗಿದ್ದೆ. ಅದರ ಹಣೆಗೆ ವಿಭೂತಿ. ಒಂದು ಕಣಗಿಲೆ ಹೂ.

ಬುತ್ತಿ, ಮನೆಯಿಂದ ಮನೆಗೆ ಸುತ್ತಾಟ, ಕೆನ್ನೆ ಸವರಿ "ಪಾಪ" ಎನ್ನುವ ಹೆಂಗಸರು, ಹಚ್ಚದ ಒಲೆ. ಅವಳಿಗೆ ಇದೆಲ್ಲ ಗೊತ್ತಿತ್ತು. ತಾಯಿ ಹೋದಾಗ ಹೀಗೆಯೇ ಆಗಿತ್ತು. ಅವಳು ಅಳು ಬಿಟ್ಟದ್ದು ರೂಢಿಯಾಗಿ ಅಲ್ಲ, ಅಪ್ಪನೂ ತೀರಿಕೊಂಡನೆಂದು. ಅವಳನ್ನು ಬಲು ಪ್ರೀತಿಯಿಂದ ನೋಡಿಕೊಂಡಿದ್ದರು, ಆ ಪ್ರೀತಿಯೇ ಅವಳಿಗೆ ಸಾವಿನ ಸುದ್ದಿ ಹೇಳಿತ್ತು.

ಹಿತ್ತಲಿನಿಂದ ನೀಲಿ ಬಂದಳು. ಕೈಯಲ್ಲಿ ಅರ್ಧ ಬಿಡಿಸಿದ ಉಂಡೆ. ನನ್ನನ್ನು ನೋಡಿದಳು, ಗೋಡೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಹಾಲು ಚೆಲ್ಲಿದಾಗ, ಕರೆಂಟು ಹೋದಾಗ ಬರುವಂತೆಯೇ ಓಡಿ ಹತ್ತಿರ ಬಂದು, ಮೊದಲು ನನಗೇ ಹೇಳಿದಳು:

"ಅಪ್ಪಾ, ಅಪ್ಪ ಸತ್ತಾನ."

ನನ್ನ ಕೆನ್ನೆ ಸವರಿದಳು. "ಪಾಪ," ಎಂದಳು. "ಬುತ್ತಿ ಐತಿ. ಉಣ್ಣು ಬಾ."

ನಾನು ಕೂತು ಉಂಡೆ. ಒಣಗಿದ ರೊಟ್ಟಿ, ಹುಳಿ ಬರತೊಡಗಿದ ಪಲ್ಯ, ಹನಮವ್ವನ ಮನೆಯ ಅಗಸಿ ಚಟ್ನಿ. ನನ್ನ ಸಾವಿನ ಬುತ್ತಿಯನ್ನು ನನಗೆ ಮಗಳೇ ಬಡಿಸಿದಳು. ನಿಜವಾಗಿ ನಾನು ಹೋದ ದಿನ ಈ ಮಾತನ್ನು ಓಡಿ ಬಂದು ಅವಳು ಯಾರಿಗೆ ಹೇಳುತ್ತಾಳೆ? ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಹನಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ನಾವ ತಪ್ಪ ಮಾಡಿದ್ವ್ಯೊ ಯಪ್ಪಾ," ಎಂದಳು. ತಪ್ಪು ಯಾರದೂ ಅಲ್ಲ ಎಂದೆ. ಹಾಗೆನ್ನುವುದರಿಂದ ಏನೂ ಸರಿಹೋಗಲಿಲ್ಲ.

ಸಂಜೆ ಓನೋ ಕೊಟ್ಟ ಕ್ಯಾಲೆಂಡರನ್ನು ಗೋಡೆಗೆ ಹಾಕಿದೆ. ನೀಲಿ ಖುಷಿಯಿಂದ ಎಲ್ಲ ಹೂಗಳನ್ನೂ ಒಂದೇ ಚೌಕದಲ್ಲಿ ಅಂಟಿಸಿದಳು. ಆಮೇಲೆ ನಾನು ನನ್ನ ಫೋಟೋ ತೆಗೆಯಲು ಕೈ ಚಾಚಿದೆ. ಅವಳು ಎದ್ದು ಬಂದು ಮೆಲ್ಲಗೆ ನನ್ನ ಮುಂಗೈ ಹಿಡಿದು ಕೆಳಗಿಳಿಸಿದಳು.

"ಇರ್ಲಿ ಅಪ್ಪಾ," ಎಂದಳು. "ಬೇಕಾಕೈತಿ."